ಒಂದು ಜೊತೆ ಕಣ್ಣಿನ ಲೆಕ್ಕ

ಲಾಲ್‌ಬಾಗಿನ ಬಂಡೆಯ ಮೇಲೆ ಒಂದು ಕಿತ್ತಳೆ ಹಣ್ಣು ಇಡಿ. ಏಳು ಸೆಂಟಿಮೀಟರ್ ಅಡ್ಡಳತೆಯದು ಸಾಕು. ಅದೇ ಸೂರ್ಯ ಎಂದುಕೊಳ್ಳಿ. ಹಾಗಾದರೆ ಭೂಮಿ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು? ಹಣ್ಣಿನಿಂದ ಏಳೂವರೆ ಮೀಟರ್, ಅಂದರೆ ಹತ್ತು ಹೆಜ್ಜೆ ದೂರದಲ್ಲಿ, ಗಸಗಸೆ ಕಾಳಿಗಿಂತ ಚಿಕ್ಕದೊಂದು ಚುಕ್ಕೆ. ಅದರಿಂದ ಎರಡು ಸೆಂಟಿಮೀಟರ್ ಆಚೆ ಚಂದ್ರ. ಮನುಷ್ಯ ಇದುವರೆಗೆ ತನ್ನ ಮೈ ಹೊತ್ತು ಹೋಗಿಬಂದಿರುವುದು ಆ ಎರಡು ಸೆಂಟಿಮೀಟರ್ ಮಾತ್ರ. ಗುರು ಗ್ರಹ ಒಂದು ಕಡಲೆಕಾಳು, ಹಣ್ಣಿನಿಂದ 39 ಮೀಟರ್ ದೂರ. ಕೊನೆಯ ಗ್ರಹ ನೆಪ್ಚೂನ್ 225 ಮೀಟರ್. 1977ರಲ್ಲಿ ಹೊರಟು ಇವತ್ತಿಗೂ ಓಡುತ್ತಲೇ ಇರುವ ವಾಯೇಜರ್-1 ನೌಕೆ ಒಂದೂಕಾಲು ಕಿಲೋಮೀಟರ್ ಆಸುಪಾಸಿನಲ್ಲಿದೆ. ಸುಮಾರು ಅರ್ಧ ಶತಮಾನ ಓಡಿ ಅದು ಲಾಲ್‌ಬಾಗಿನ ಗೇಟು ದಾಟಿ ಅಕ್ಕಪಕ್ಕದ ಬೀದಿಗೆ ಬಂದಿದೆ, ಅಷ್ಟೆ.

ಇನ್ನು ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ? ಪ್ರಾಕ್ಸಿಮಾ ಸೆಂಟಾರಿ. ಅದನ್ನು ಇಡಲು ನೀವು ಶಿಮ್ಲಾಗೆ ಹೋಗಬೇಕು. ನೇರ ಗೆರೆ ಎಳೆದರೆ ಎರಡು ಸಾವಿರ ಕಿಲೋಮೀಟರ್. ನಡುವೆ ಬೇರೆ ನಕ್ಷತ್ರ ಒಂದೂ ಇಲ್ಲ.

ಈ ಅಳತೆಯಲ್ಲಿ ಬೆಳಕು ಎಷ್ಟು ವೇಗವಾಗಿ ಓಡುತ್ತದೆ ಎಂದು ಲೆಕ್ಕ ಹಾಕಿದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಬಿಟ್ಟಿದ್ದೆ. ಸೆಕೆಂಡಿಗೆ ಒಂದೂವರೆ ಸೆಂಟಿಮೀಟರ್. ಇರುವೆಯ ನಡಿಗೆ. ವಿಶ್ವದಲ್ಲಿ ಎಲ್ಲಕ್ಕಿಂತ ವೇಗವಾಗಿ ಓಡುವ ವಸ್ತು ಇರುವೆಯಂತೆ ತೆವಳುತ್ತಾ ಶಿಮ್ಲಾದಿಂದ ಹೊರಟು, ಹಗಲೂ ರಾತ್ರಿ ಎಲ್ಲಿಯೂ ನಿಲ್ಲದೆ ನಡೆದು, ನಾಲ್ಕು ವರ್ಷ ಮೂರು ತಿಂಗಳಿಗೆ ಲಾಲ್‌ಬಾಗ್ ತಲುಪುತ್ತದೆ. ಇದು ಪಕ್ಕದ ಮನೆಯ ನಕ್ಷತ್ರದ ಮಾತು. ನಮ್ಮ ಆಕಾಶಗಂಗೆಯ ಉದ್ದಗಲಕ್ಕೆ ಬಂದರೆ, ಸೂರ್ಯನನ್ನು ಕಿತ್ತಳೆಯಷ್ಟಕ್ಕೆ ಇಳಿಸಿದ ಮೇಲೂ ಅದು ನಾಲ್ಕೂವರೆ ಕೋಟಿ ಕಿಲೋಮೀಟರ್ ಮೀರುತ್ತದೆ. ಅಷ್ಟು ಜಾಗ ಬೇಕೆಂದರೆ ನಿಜವಾದ ಚಂದ್ರನಿರುವ ದೂರದ ನೂರು ಪಟ್ಟಿಗಿಂತ ಹೆಚ್ಚು ಆಚೆ ಹೋಗಬೇಕು. ಕಿತ್ತಳೆಯ ಲೆಕ್ಕ ಅಲ್ಲಿಗೆ ಕೈಬಿಡುತ್ತದೆ.

ಇಂಥ ಅಂಕಿಗಳನ್ನು ಕೇಳಿದವರು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: ನಾವೆಷ್ಟು ಚಿಕ್ಕವರು! ನಾನೂ ಬಹಳ ಕಾಲ ಹಾಗೇ ಹೇಳುತ್ತಿದ್ದೆ. ತಾರಸಿಯ ಮೇಲೆ ದೂರದರ್ಶಕ ಇಟ್ಟುಕೊಂಡು ರಾತ್ರಿ ಕಳೆಯುವ ಹವ್ಯಾಸಿಗಳ ಸಹವಾಸ ಆದಮೇಲೆ ಅದೇ ಲೆಕ್ಕ ನನಗೆ ಬೇರೊಂದು ಉತ್ತರ ಕೊಟ್ಟಿತು. ಆಕಾಶ ಅಷ್ಟು ದೊಡ್ಡದಾಗಿರುವುದರಿಂದಲೇ ಒಂದು ಜೊತೆ ಕಣ್ಣಿಗೆ ಅಲ್ಲಿ ಬೆಲೆ ಇದೆ.

ಹೇಗೆ ಅಂತ ನೋಡಿ. ಇಡೀ ಆಕಾಶವನ್ನು ಹುಣ್ಣಿಮೆ ಚಂದ್ರನಷ್ಟು ದೊಡ್ಡ ಬಿಲ್ಲೆಗಳಿಂದ ಮುಚ್ಚಬೇಕಾದರೆ ಸುಮಾರು 2 ಲಕ್ಷ ಬಿಲ್ಲೆ ಬೇಕು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದಲ್ಲಿ ಇರುವ ವಿಜ್ಞಾನಿಗಳು 12 ಸಾವಿರಕ್ಕೂ ಸ್ವಲ್ಪ ಹೆಚ್ಚು. ಎಲ್ಲರೂ ನಿದ್ದೆ, ಪಾಠ, ಸಂಶೋಧನಾ ಪ್ರಬಂಧ ಎಲ್ಲ ಬಿಟ್ಟು ಮೇಲೆಯೇ ನೋಡುತ್ತ ಕುಳಿತರೂ ತಲೆಗೆ ಹದಿನಾರು ಬಿಲ್ಲೆ ಕಾಯಬೇಕು. ಒಂದೊಂದು ಬಿಲ್ಲೆಯೊಳಗೆ ಏನಿದೆ? ಹಬಲ್ ದೂರದರ್ಶಕ ಆಕಾಶದ 1.3 ಕೋಟಿಯಲ್ಲಿ ಒಂದು ಪಾಲಿನಷ್ಟು ಕಿರಿದಾದ ಒಂದು ಜಾಗವನ್ನು ದಿನಗಟ್ಟಲೆ ದಿಟ್ಟಿಸಿದಾಗ ಅಲ್ಲಿ ಸುಮಾರು 10 ಸಾವಿರ ಗೆಲಾಕ್ಸಿಗಳು ಕಂಡವು. ಒಂದು ಗೆಲಾಕ್ಸಿಯಲ್ಲಿ ನೂರು ವರ್ಷಕ್ಕೆ ಒಂದೇ ಒಂದು ನಕ್ಷತ್ರ ಸೂಪರ್‌ನೋವಾ ಆಗಿ ಸಿಡಿಯುತ್ತದೆ ಎಂದಿಟ್ಟುಕೊಳ್ಳಿ. ವಿಶ್ವದಲ್ಲಿ 10 ಸಾವಿರ ಕೋಟಿ ಗೆಲಾಕ್ಸಿಗಳಿವೆ ಎಂದು ಬಿಗಿಹಿಡಿದು ಲೆಕ್ಕ ಹಾಕಿದರೂ ಸೆಕೆಂಡಿಗೆ ಮೂವತ್ತು ನಕ್ಷತ್ರ ಸಿಡಿಯುತ್ತಿರುತ್ತವೆ. ಈ ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ಸಾವಿರ ಸೂರ್ಯರ ಕಥೆ ಮುಗಿದಿದೆ. ನೋಡಲು ಇಷ್ಟಿದೆ, ನೋಡುವವರು ಅಷ್ಟೇ ಇದ್ದಾರೆ.

ಹವ್ಯಾಸಿಗಳು ಹೊಕ್ಕಿರುವುದು ಈ ತೆರಪಿನೊಳಗೆ.

ಕಣ್ಣಿನಿಂದಲೇ ಶುರುಮಾಡೋಣ. ಕತ್ತಲಿಗೆ ಹೊಂದಿಕೊಂಡ ಕಣ್ಣಿನ ಪಾಪೆ ಸುಮಾರು ಏಳು ಮಿಲಿಮೀಟರ್ ಅರಳುತ್ತದೆ. ಬರಿಗಣ್ಣಿಗೆ ಕಾಣುವ ಅತಿ ಮಂಕಾದ ನಕ್ಷತ್ರದಿಂದ ಆ ಕಿಂಡಿಯೊಳಗೆ ಸೆಕೆಂಡಿಗೆ ಬಂದು ಬೀಳುವ ಬೆಳಕಿನ ಕಣಗಳು ಒಂದೆರಡು ಸಾವಿರ ಮಾತ್ರ. ನೂರಾರು ವರ್ಷ ಶೂನ್ಯದಲ್ಲಿ ನಡೆದು ಬಂದ ಕಣಗಳು ಅವು. ಅದೇ ನಕ್ಷತ್ರದಿಂದ ಹೊರಟ ಉಳಿದ ಬೆಳಕು ಪ್ರಪಂಚದ ಬೇರೆ ಬೇರೆ ದಿಕ್ಕಿಗೆ ಚೆದುರಿಹೋಗಿದೆ. ನಿಮ್ಮ ಕಣ್ಣಿಗೆ ಬಿದ್ದದ್ದು ಇನ್ನಾರಿಗೂ ಕಾಣದು. ಎಂಟು ಇಂಚಿನ ಕನ್ನಡಿ ಇರುವ ದೂರದರ್ಶಕಕ್ಕೆ ಕಣ್ಣಿಟ್ಟರೆ ಆ ಕಿಂಡಿ 800 ಪಟ್ಟು ದೊಡ್ಡದಾಗುತ್ತದೆ.

ಆ ಕನ್ನಡಿಯನ್ನು ಹವ್ಯಾಸಿಗಳು ಕೈಯಲ್ಲೇ ತಿಕ್ಕಿ ಮಾಡಿಕೊಳ್ಳುವುದನ್ನು ನೋಡಿದರೆ ಅಂಕಿಗಳು ಇನ್ನೊಂದು ತುದಿಗೆ ಓಡುತ್ತವೆ. ಎರಡು ಗಾಜಿನ ಬಿಲ್ಲೆ. ಒಂದರ ಮೇಲೊಂದು. ನಡುವೆ ನೀರು, ಕಾರ್ಬೊರಂಡಮ್ ಪುಡಿ. ಮೇಲಿನದನ್ನು ಹಿಂದೆ ಮುಂದೆ ತಳ್ಳಬೇಕು, ಸ್ವಲ್ಪ ತಿರುಗಿಸಬೇಕು, ತಾನೂ ಮೇಜಿನ ಸುತ್ತ ಒಂದು ಹೆಜ್ಜೆ ಸರಿಯಬೇಕು, ಮತ್ತೆ ತಳ್ಳಬೇಕು. ಮೊದಲು ಒರಟು ಪುಡಿ, ಆಮೇಲೆ ನಯ, ಆಮೇಲೆ ಇನ್ನೂ ನಯ. ಕೊನೆಗೆ ರಾಳದ ಹಾಸಿನ ಮೇಲೆ ಕೆಂಪು ಪುಡಿಯ ಹೊಳಪು. ವಾರಗಟ್ಟಲೆ ಇದೇ ಕೆಲಸ. ಎಂಟು ಇಂಚಿನ ಗಾಜಿನ ನಡುವೆ ಕೊನೆಗೆ ಮೂಡುವ ತಗ್ಗು ಎರಡು ಮಿಲಿಮೀಟರ್ ಅಷ್ಟೆ. ಆ ತಗ್ಗು ಗೋಳದ ತುಣುಕಾಗಿ ಉಳಿದರೆ ನಕ್ಷತ್ರ ಕಲೆಸಿಹೋಗುತ್ತದೆ, ಅದು ಪ್ಯಾರಾಬೋಲಾ ಆಗಬೇಕು. ಈ ಎರಡು ಆಕಾರಗಳ ನಡುವಿನ ವ್ಯತ್ಯಾಸ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ. ಮೇಲ್ಮೈಯಲ್ಲಿ ಉಳಿಯಬಹುದಾದ ತಪ್ಪು ತಲೆಗೂದಲಿನ ದಪ್ಪದಲ್ಲಿ ಸಾವಿರಕ್ಕೊಂದು ಭಾಗ. ಅಂಗೈ ಬಿಸಿ ಗಾಜಿಗೆ ತಾಗಿದರೂ ಅದಕ್ಕಿಂತ ಹೆಚ್ಚು ಉಬ್ಬುತ್ತದೆ. ಆದ್ದರಿಂದ ತಿಕ್ಕಿದ ಮೇಲೆ ಗಾಜು ತಣಿಯುವವರೆಗೆ ಕಾದು, ಒಂದು ಸಣ್ಣ ದೀಪ ಮತ್ತು ಒಂದು ಬ್ಲೇಡಿನ ಅಂಚು ಹಿಡಿದು, ಕನ್ನಡಿಯ ಮೇಲೆ ಬೀಳುವ ನೆರಳಿನ ಆಕಾರದಿಂದಲೇ ತಪ್ಪು ಎಲ್ಲಿದೆ ಎಂದು ಓದುತ್ತಾರೆ. ಅಡುಗೆಮನೆಯ ಮೇಜಿನ ಮೇಲೆ, ಬರಿಗೈಯಲ್ಲಿ, ಬೆಳಕಿನ ಅಲೆಯ ಒಂದು ತುಣುಕಿನಷ್ಟು ನಿಖರತೆ!

ಇಂಗ್ಲೆಂಡಿನ ಬಾತ್ ಊರಿನ ಸಂಗೀತದ ಮೇಷ್ಟ್ರು ವಿಲಿಯಂ ಹರ್ಷೆಲ್ ಹೀಗೆ ಲೋಹದ ಕನ್ನಡಿ ತಿಕ್ಕಲು ಕುಳಿತರೆ ಎದ್ದೇಳುತ್ತಿರಲಿಲ್ಲ. ಒಮ್ಮೆ ಹದಿನಾರು ಗಂಟೆ ಕೈ ತೆಗೆಯದೆ ಉಜ್ಜಿದಾಗ ತಂಗಿ ಕ್ಯಾರೊಲಿನ್ ತುತ್ತು ಮಾಡಿ ಬಾಯಿಗೆ ಹಾಕಿದಳು. ಅಂಥ ಕನ್ನಡಿಯಿಂದ 1781ರ ಮಾರ್ಚ್ 13ರ ರಾತ್ರಿ ಆತ ಯುರೇನಸ್ ಗ್ರಹವನ್ನು ಕಂಡ. ನಮ್ಮ ಲಾಲ್‌ಬಾಗಿನ ಅಳತೆಯಲ್ಲಿ ಅಂದಿನವರೆಗೆ ಸೌರವ್ಯೂಹದ ಗಡಿ ಶನಿ ಗ್ರಹದ 72 ಮೀಟರ್. ಯುರೇನಸ್ ಗ್ರಹವೆಂದು ಖಚಿತವಾದ ಮೇಲೆ ಅದು 144 ಮೀಟರ್ ಆಯಿತು. ಸಾವಿರಾರು ವರ್ಷ ಮನುಷ್ಯಕುಲ ನಂಬಿದ್ದ ಅಳತೆಯನ್ನು ಒಬ್ಬ ಹವ್ಯಾಸಿ ತನ್ನ ಮನೆಯ ಹಿತ್ತಿಲಲ್ಲಿ ನಿಂತು ದುಪ್ಪಟ್ಟು ಮಾಡಿದ. ಮುಂದೆ ಕ್ಯಾರೊಲಿನ್ ತಾನೇ ಎಂಟು ಧೂಮಕೇತುಗಳನ್ನು ಪತ್ತೆಹಚ್ಚಿದಳು.

ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಹೊಸ ಗ್ರಹ ಕಂಡವರ ಮೇಲಲ್ಲ. ಯಾವ ಹೆಸರೂ ಬಾರದ ಕೆಲಸವನ್ನು ರಾತ್ರಿ ರಾತ್ರಿ ಮಾಡಿದವರ ಮೇಲೆ. ಕೆಲವು ನಕ್ಷತ್ರಗಳು ಹೊಳಪು ಬದಲಿಸುತ್ತವೆ. ಯಾವಾಗ ಎಷ್ಟು ಹೊಳೆಯಿತು ಎಂದು ಯಾರಾದರೂ ಬಿಡದೆ ಬರೆದಿಟ್ಟರೆ ಮಾತ್ರ ಅವುಗಳ ಒಡಲಲ್ಲಿ ಏನು ನಡೆದಿದೆ ಎಂದು ತಿಳಿದೀತು. ದೊಡ್ಡ ವೀಕ್ಷಣಾಲಯಗಳು ಒಂದೇ ನಕ್ಷತ್ರಕ್ಕಾಗಿ ಐವತ್ತು ವರ್ಷ ಕೂರಲಾರವು. ಈ ಕೆಲಸಕ್ಕೆಂದೇ 1911ರಲ್ಲಿ ಅಮೆರಿಕದಲ್ಲಿ ಹವ್ಯಾಸಿಗಳ ಸಂಘವೊಂದು ಹುಟ್ಟಿತು.

ಅದರ ಸದಸ್ಯರಲ್ಲೊಬ್ಬರು ಅವಿಭಜಿತ ಬಂಗಾಳದ ಜೆಸ್ಸೋರಿನ ರಾಧಾಗೋಬಿಂದ ಚಂದ್ರ. 1878ರಲ್ಲಿ ಹುಟ್ಟಿದವರು. ಪ್ರವೇಶ ಪರೀಕ್ಷೆ ಪಾಸಾಗಲಿಲ್ಲ. ಸರ್ಕಾರಿ ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ಕೆಲಸಕ್ಕೆ ಸೇರಿದರು. ಹಗಲು ನಾಣ್ಯ, ರಾತ್ರಿ ಮೂರು ಇಂಚಿನ ದೂರದರ್ಶಕ. 1918ರಲ್ಲಿ ಗರುಡ ನಕ್ಷತ್ರಪುಂಜದಲ್ಲಿ ದಿಢೀರನೆ ಹೊತ್ತಿಕೊಂಡ ನೋವಾವನ್ನು ಅವರು ತಾವಾಗಿಯೇ ಗುರುತಿಸಿದರು. ಆ ಮೂಲಕ ಅಮೆರಿಕದ ಸಂಘದ ನಂಟು ಬೆಳೆಯಿತು. ಅಲ್ಲಿಂದ 1954ರವರೆಗೆ ಅವರು ಕಳಿಸಿದ ವೀಕ್ಷಣೆಗಳು 37 ಸಾವಿರಕ್ಕೂ ಹೆಚ್ಚು. ಭಾಗಿಸಿ ನೋಡಿ. ಸುಮಾರು ಮೂವತ್ತೈದು ವರ್ಷ, ದಿನಕ್ಕೆ ಮೂರರಂತೆ, ಒಂದು ರಾತ್ರಿಯೂ ತಪ್ಪದೆ. ಬಂಗಾಳದ ಮಳೆಗಾಲವನ್ನು ಕಳೆದರೆ, ಮೋಡವಿಲ್ಲದ ರಾತ್ರಿಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ನೋಡಿರಬೇಕು. ನಡುವೆ ಒಂದು ಮಹಾಯುದ್ಧ, ಒಂದು ಭೀಕರ ಕ್ಷಾಮ, ದೇಶ ವಿಭಜನೆ. ಅವರ ಊರು ಪಾಕಿಸ್ತಾನಕ್ಕೆ ಸೇರಿತು, ಅವರು ಗಡಿ ದಾಟಿ ಈಚೆಗೆ ಬಂದರು. ವೀಕ್ಷಣೆಯ ಪಟ್ಟಿ ಮುಂದುವರಿಯಿತು.

ಅವರ ಶ್ರದ್ಧೆ ನೋಡಿ ಸಂಘ 1926ರಲ್ಲಿ ಸಮುದ್ರದಾಚೆಯಿಂದ ಆರು ಇಂಚಿನ ದೂರದರ್ಶಕವೊಂದನ್ನು ಅವರಿಗೆ ಬಳಸಲು ಕಳಿಸಿಕೊಟ್ಟಿತ್ತು. ವಯಸ್ಸಾದ ಮೇಲೆ ಅದು ಅವರ ಕೈಯಿಂದ ವೈನು ಬಪ್ಪು ಅವರ ಕೈ ಸೇರಿತು. ಬಪ್ಪು ಕೂಡ ಹುಡುಗನಾಗಿದ್ದಾಗ ಹೈದರಾಬಾದಿನಲ್ಲಿ ಹೊಳಪು ಬದಲಿಸುವ ನಕ್ಷತ್ರಗಳನ್ನೇ ನೋಡುತ್ತಿದ್ದ ಹವ್ಯಾಸಿ. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿ, ಜವಾದಿ ಬೆಟ್ಟಗಳ ಕಾವಲೂರಿನಲ್ಲಿ ವೀಕ್ಷಣಾಲಯ ನಿಲ್ಲಿಸಿದವರು. ಖಜಾನೆ ನೌಕರನ ದೂರದರ್ಶಕ ಕಾವಲೂರಿಗೆ ಬಂತು. ಇವತ್ತು ಅಲ್ಲಿ 2.3 ಮೀಟರ್ ಕನ್ನಡಿಯ ದೂರದರ್ಶಕ ಇದೆ. ಆ ದೊಡ್ಡ ಗುಮ್ಮಟದ ವಂಶಾವಳಿಯಲ್ಲಿ ಜೆಸ್ಸೋರಿನ ಅಂಗಳವೂ ಸೇರಿದೆ ಎಂದು ನೆನೆದರೆ ಎದೆ ತುಂಬುತ್ತದೆ.

ನ್ಯೂಜಿಲೆಂಡಿನ ಆಲ್ಬರ್ಟ್ ಜೋನ್ಸ್ ಇನ್ನೊಬ್ಬರು. ದಿನಸಿ ಅಂಗಡಿ ನಡೆಸಿದವರು, ಕಾರು ಜೋಡಿಸುವ ಕಾರ್ಖಾನೆಯಲ್ಲಿ ದುಡಿದವರು. ಅವರ ವೀಕ್ಷಣೆಗಳ ಸಂಖ್ಯೆ 5 ಲಕ್ಷ ದಾಟಿತು. ಏಳು ದಶಕಕ್ಕೆ ಹಂಚಿದರೂ ಪ್ರತಿ ರಾತ್ರಿಗೆ ಇಪ್ಪತ್ತು. 1946ರಲ್ಲಿ ಒಂದು ಧೂಮಕೇತು ಕಂಡುಹಿಡಿದರು, ಮುಂದಿನದನ್ನು 2000ದಲ್ಲಿ, ಎಂಬತ್ತನೆಯ ವಯಸ್ಸಿನಲ್ಲಿ. ಎರಡರ ನಡುವೆ 54 ವರ್ಷ. ಅವರ ಲಕ್ಷಾಂತರ ವೀಕ್ಷಣೆಗಳಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಏನನ್ನೂ ಕಾಣದ ಒಂದು ವೀಕ್ಷಣೆ.

1987ರ ಫೆಬ್ರುವರಿ 23. ಭಾರತದಲ್ಲಿ ಮಧ್ಯಾಹ್ನ ಒಂದು ಗಂಟೆ ಐದು ನಿಮಿಷ. ಸುಮಾರು 1.6 ಲಕ್ಷ ವರ್ಷಗಳ ಹಿಂದೆ ನೆರೆಯ ಗೆಲಾಕ್ಸಿಯಾದ ದೊಡ್ಡ ಮೆಜಲಾನಿಕ್ ಮೋಡದಲ್ಲಿ ಕುಸಿದುಬಿದ್ದ ನಕ್ಷತ್ರವೊಂದರ ಗರ್ಭದಿಂದ ಹೊರಟ ನ್ಯೂಟ್ರಿನೋ ಕಣಗಳು ಭೂಮಿಯನ್ನು ಹಾದುಹೋದವು. ಆ ನಕ್ಷತ್ರ ಎರಚಿದ ಒಟ್ಟು ಕಣಗಳನ್ನು ಬರೆಯಲು 1ರ ಮುಂದೆ 58 ಸೊನ್ನೆ ಬೇಕು. ನೀವು ಆಗಲೇ ಹುಟ್ಟಿದ್ದರೆ ನಿಮ್ಮ ಕಿರುಬೆರಳಿನ ಉಗುರಿನಷ್ಟು ಜಾಗದಿಂದಲೇ ನೂರು ಕೋಟಿಗೂ ಹೆಚ್ಚು ಕಣ ದಾಟಿಹೋದವು. ನಿಮಗೆ ಗೊತ್ತಾಗಲಿಲ್ಲ. ಗೊತ್ತಾಗುವುದು ಎಷ್ಟು ಕಷ್ಟ ಎಂದು ನಮ್ಮ ಕೋಲಾರದ ಚಿನ್ನದ ಗಣಿ ಬಲ್ಲದು. 1965ರಲ್ಲಿ ವಾತಾವರಣದ ನ್ಯೂಟ್ರಿನೋ ಸಿಕ್ಕಿದ ಮೊದಲ ಜಾಗಗಳಲ್ಲೊಂದು ಅದರ ಎರಡು ಕಿಲೋಮೀಟರಿಗೂ ಆಳದ ಸುರಂಗ. 1987ರ ಆ ದಿನ ಜಪಾನ್, ಅಮೆರಿಕ, ರಷ್ಯಾದ ಭೂಗರ್ಭದ ಉಪಕರಣಗಳು ಮೂರೂ ಸೇರಿ ಹಿಡಿದದ್ದು ಸುಮಾರು ಎರಡು ಡಜನ್ ಕಣ.

ಕುಸಿತದ ಸುದ್ದಿ ಹೀಗೆ ಬಂತು. ಸ್ಫೋಟದ ಬೆಳಕು ಬಂದದ್ದು ಯಾವಾಗ? ಮೂರು ಗಂಟೆಯ ನಂತರ ಆಸ್ಟ್ರೇಲಿಯಾದಲ್ಲಿ ತೆಗೆದ ಚಿತ್ರದಲ್ಲಿ ನಕ್ಷತ್ರ ಆಗಲೇ ಹೊಳೆಯುತ್ತಿತ್ತು. ಅದಕ್ಕೂ ಮೊದಲು, ಕಣಗಳು ಹಾದುಹೋಗಿ ಹೆಚ್ಚುಕಡಿಮೆ ಎರಡು ಗಂಟೆಯಾದಾಗ, ಜೋನ್ಸ್ ಎಂದಿನಂತೆ ತಮ್ಮ ದೂರದರ್ಶಕವನ್ನು ಅದೇ ಜಾಗಕ್ಕೆ ತಿರುಗಿಸಿದ್ದರು. ಹೊಸದೇನೂ ಇರಲಿಲ್ಲ. ಇರಲಿಲ್ಲ ಎಂಬುದೇ ದಾಖಲೆಯಾಯಿತು. ದೈತ್ಯ ನಕ್ಷತ್ರವೊಂದರ ಗರ್ಭ ಕುಸಿದ ಮೇಲೆ ಆ ಆಘಾತ ಮೇಲ್ಮೈ ಸೀಳಿ ಹೊರಬರಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಗೆ ಎರಡು ಬದಿಯ ಬೇಲಿ ಸಿಕ್ಕಿತು. ಒಂದು ಬದಿಯ ಗೂಟ ನೆಟ್ಟದ್ದು ಆ ಅಂಗಡಿಯ ಮನುಷ್ಯನ ಕಣ್ಣು. ಮರುರಾತ್ರಿ ಅದೇ ಜಾಗ ನೋಡಿದಾಗ ಸೂಪರ್‌ನೋವಾ ಅವರ ಕಣ್ಣಿಗೂ ಬಿತ್ತು.

ಅದೃಷ್ಟ ಎನ್ನಬಹುದು. ಅದೃಷ್ಟದ ಲೆಕ್ಕವನ್ನೂ ಹಾಕಿದವರಿದ್ದಾರೆ. ಅರ್ಜೆಂಟೀನಾದ ರೊಸಾರಿಯೊ ನಗರದಲ್ಲಿ ಬೀಗ ರಿಪೇರಿ ಮಾಡುವ ವಿಕ್ಟರ್ ಬೂಸೊ 2016ರ ಸೆಪ್ಟೆಂಬರ್ 20ರ ರಾತ್ರಿ ಹೊಸ ಕ್ಯಾಮೆರಾ ಪರೀಕ್ಷಿಸಲು ತಮ್ಮ ಮನೆಯ ತಾರಸಿಯ ಮೇಲಿನ ಹದಿನಾರು ಇಂಚಿನ ದೂರದರ್ಶಕವನ್ನು ನೆತ್ತಿಯ ಮೇಲಿದ್ದ ಒಂದು ಗೆಲಾಕ್ಸಿಯತ್ತ ತಿರುಗಿಸಿದರು. ಇಪ್ಪತ್ತು ಸೆಕೆಂಡಿನ ಚಿತ್ರಗಳನ್ನು ಒಂದಾದ ಮೇಲೊಂದರಂತೆ ಸುಮಾರು ಒಂದೂವರೆ ಗಂಟೆ ತೆಗೆಯುತ್ತ ಹೋದರು. ನೋಡುತ್ತಿದ್ದಂತೆ ಒಂದು ಮೂಲೆಯಲ್ಲಿ ಇಲ್ಲದ ಚುಕ್ಕೆ ಹುಟ್ಟಿ, ಚಿತ್ರದಿಂದ ಚಿತ್ರಕ್ಕೆ ಹೊಳಪೇರಿತು. ಸೂಪರ್‌ನೋವಾದ ಮೊದಲ ಬೆಳಕು ನಕ್ಷತ್ರದ ಮೇಲ್ಮೈ ಒಡೆದು ಹೊರಬರುವ ಗಳಿಗೆ! ಎಂಟು ಕೋಟಿ ವರ್ಷ, ಅಂದರೆ ಡೈನೊಸಾರ್‌ಗಳು ಓಡಾಡುತ್ತಿದ್ದ ಕಾಲದಿಂದ ನಡೆದುಬಂದ ಬೆಳಕು, ಅವರ ಕಿಂಡಿಗೆ ಬಿದ್ದದ್ದು ಆ ಒಂದೂವರೆ ಗಂಟೆಯಲ್ಲಿ. ಹೀಗಾಗುವ ಸಂಭವ ಕೋಟಿಯಲ್ಲಿ ಒಂದು, ಹತ್ತು ಕೋಟಿಯಲ್ಲಿ ಒಂದೂ ಇರಬಹುದು ಎಂದು ವಿಜ್ಞಾನಿಗಳು ಅಂದಾಜಿಸಿದರು. ಕೋಟಿಗೊಂದು ಸಂಭವ ಯಾರಿಗಾದರೂ ಸಿಗಬೇಕಾದರೆ ಕೋಟಿ ಸಲ ನೋಡುವವರು ಇರಬೇಕು. ರಾಧಾಗೋಬಿಂದ ಚಂದ್ರ, ಜೋನ್ಸ್‌ರಂಥವರ ಆ ಅಮೆರಿಕದ ಸಂಘದ ವೀಕ್ಷಣೆಗಳು 2011ರಲ್ಲಿ ನೂರು ವರ್ಷ ತುಂಬಿದಾಗ 2 ಕೋಟಿ ಮುಟ್ಟಿದ್ದವು. 2007ರಲ್ಲಿ ಗೆಲಾಕ್ಸಿಗಳ ಚಿತ್ರಗಳನ್ನು ಆಕಾರದ ಪ್ರಕಾರ ವಿಂಗಡಿಸಿಕೊಡಿ ಎಂದು ವಿಜ್ಞಾನಿಗಳು ಜನರನ್ನು ಕೇಳಿದಾಗ ಒಂದೇ ವರ್ಷದಲ್ಲಿ ಒಂದೂವರೆ ಲಕ್ಷ ಜನ 5 ಕೋಟಿ ಸಲ ನೋಡಿ ಹೇಳಿದರು.

ಈಗ ಚಿಲಿಯ ಬೆಟ್ಟದ ಮೇಲೆ ರೂಬಿನ್ ವೀಕ್ಷಣಾಲಯ ಎದ್ದಿದೆ. 8.4 ಮೀಟರ್ ಕನ್ನಡಿ, 320 ಕೋಟಿ ಪಿಕ್ಸೆಲ್‌ಗಳ ಕ್ಯಾಮೆರಾ, ಕೆಲವೇ ರಾತ್ರಿಗಳಲ್ಲಿ ಇಡೀ ದಕ್ಷಿಣ ಆಕಾಶ. ಇನ್ನು ತಾರಸಿಯ ಮೇಲೆ ನಿಲ್ಲುವವರು ಯಾಕೆ ಎಂದು ಕೇಳುವವರಿದ್ದಾರೆ. ಕಣ್ಣಿಗಿಂತ ಲಕ್ಷಾಂತರ ಪಟ್ಟು ಬೆಳಕು ಕುಡಿಯುವ ಆ ಕ್ಯಾಮೆರಾಕ್ಕೆ ಬರಿಗಣ್ಣಿನ ನಕ್ಷತ್ರಗಳು ಕಣ್ಣು ಕುಕ್ಕುವ ಬೆಳಕು. ಅಷ್ಟು ಪ್ರಖರವಾದದ್ದನ್ನು ಅದು ಅಳೆಯಲಾರದು. ಅವುಗಳ ಕಾವಲು ಇಂದಿಗೂ ನಮ್ಮ ಪಾಲಿನದೇ.

ಹಾಗೊಂದು ನಕ್ಷತ್ರ ನಮ್ಮ ರೈತರಿಗೆಲ್ಲ ಗೊತ್ತು: ಆರಿದ್ರಾ. ಜೂನ್ ಕೊನೆಯಲ್ಲಿ ಸೂರ್ಯ ಅದರ ಬಳಿ ಬಂದಾಗ ಆರಿದ್ರಾ ಮಳೆ, ಅದು ಬಂದರೆ ಬೆಳೆ, ಕೈಕೊಟ್ಟರೆ ದರಿದ್ರ ಎನ್ನುವ ಮಾತು ಹೊಲಗಳಲ್ಲಿ ಇಂದಿಗೂ ಇದೆ. ವಿಜ್ಞಾನಿಗಳು ಬೀಟಲ್‌ಜ್ಯೂಸ್ ಎಂದು ಕರೆಯುವುದು ಇದನ್ನೇ. ಸೂರ್ಯನ ಜಾಗದಲ್ಲಿಟ್ಟರೆ ಭೂಮಿ, ಮಂಗಳ ಎಲ್ಲವನ್ನೂ ನುಂಗಿ ಆಚೆ ಚಾಚುವ ಕೆಂಪು ದೈತ್ಯ.

2019ರ ಕೊನೆಯಲ್ಲಿ ಅದು ಮಂಕಾಗತೊಡಗಿತು. ಜನವರಿ 2020ರ ಒಂದು ರಾತ್ರಿ ನಮ್ಮ ಮನೆಯ ತಾರಸಿ ಹತ್ತಿದೆ. ಬೀದಿದೀಪಕ್ಕೆ ಬೆನ್ನು ಹಾಕಿ, ನೀರಿನ ಟ್ಯಾಂಕಿನ ನೆರಳಿಗೆ ನಿಂತು ಕಾಲು ಗಂಟೆ ಕಣ್ಣನ್ನು ಕತ್ತಲಿಗೆ ಬಿಟ್ಟೆ. ಮಾಡಬೇಕಾದದ್ದು ಸುಲಭ. ಹೊಳಪು ಗೊತ್ತಿರುವ ಎರಡು ನಕ್ಷತ್ರ ಆರಿಸಿಕೊಂಡು ನಡುವೆ ಇದು ಎಲ್ಲಿ ಕೂರುತ್ತದೆ ಎಂದು ನೋಡಬೇಕು. ಕಾಂತಿಮಾನದ ಅಂಕಿ ಹೆಚ್ಚಿದಷ್ಟೂ ಹೊಳಪು ಕಡಿಮೆ. ಸಾಮಾನ್ಯವಾಗಿ ರೋಹಿಣಿಗೆ ಸೋಲದ ಆರಿದ್ರಾ ಅಂದು ಅದಕ್ಕಿಂತ ಸ್ಪಷ್ಟವಾಗಿ ಮಂಕಾಗಿತ್ತು. ಪುನರ್ವಸುವಿನ ಜೋಡಿಯಲ್ಲಿ ಹೆಚ್ಚು ಹೊಳೆಯುವುದರ ಕಾಂತಿಮಾನ 1.1. ಆರಿದ್ರಾ ಒಂದು ಭುಜವಾಗಿರುವ ಮಹಾವ್ಯಾಧ ನಕ್ಷತ್ರಪುಂಜದ ಇನ್ನೊಂದು ಭುಜದ ಬೆಲಾಟ್ರಿಕ್ಸ್ 1.6. ಒಮ್ಮೆ ಇದನ್ನು, ಒಮ್ಮೆ ಅದನ್ನು, ಮತ್ತೆ ಇದನ್ನು ನೋಡಿದೆ. ಪುನರ್ವಸುವಿಗಿಂತ ಕಡಿಮೆ, ಬೆಲಾಟ್ರಿಕ್ಸ್‌ಗಿಂತ ತುಸು ಹೆಚ್ಚು. ಪುಸ್ತಕದಲ್ಲಿ 1.4 ಎಂದು ಬರೆದೆ.

ಫೆಬ್ರುವರಿ ಹೊತ್ತಿಗೆ ಅದು ಎಂದಿನ ಹೊಳಪಿನ ಅರ್ಧಕ್ಕಿಂತಲೂ ಕೆಳಗಿಳಿದು, ಮತ್ತೆ ಏರಿತು. ನಕ್ಷತ್ರ ತನ್ನ ಮೇಲ್ಮೈಯಿಂದ ಉಗುಳಿದ ಅನಿಲ ತಣಿದು ದೂಳಾಗಿ ಅದರ ಮುಖಕ್ಕೇ ಅಡ್ಡ ಬಂದಿತ್ತು ಎಂದು ಆಮೇಲೆ ತಿಳಿಯಿತು. ಅಲ್ಲಿಂದ ಬೆಳಕು ಇಲ್ಲಿಗೆ ಬರಲು ಐನೂರರಿಂದ ಏಳುನೂರು ವರ್ಷ ಬೇಕು. ಹೆಚ್ಚುಕಡಿಮೆ ವಿಜಯನಗರದ ಅರಸರ ಕಾಲದಲ್ಲಿ ಎದ್ದ ಆ ದೂಳು ನಮ್ಮ ತಾರಸಿಗೆ ಅಂದು ತಲುಪಿತ್ತು.

ಆ ರಾತ್ರಿ ಪ್ರಪಂಚದ ಎಷ್ಟೋ ತಾರಸಿ, ಹಿತ್ತಿಲು, ಹೊಲಗಳಲ್ಲಿ ಜನ ಹೀಗೇ ನಿಂತು ಒಂದೊಂದು ಅಂಕಿ ಬರೆದಿದ್ದರು. ಅವೆಲ್ಲ ಸೇರಿ ಆ ನಕ್ಷತ್ರದ ಏರಿಳಿತದ ಗೆರೆಯಾಯಿತು. ಗೆರೆಯ ಯಾವ ಚುಕ್ಕೆ ಯಾರದು ಎಂದು ಯಾರೂ ಕೇಳುವುದಿಲ್ಲ. ಮೋಡವಿಲ್ಲದ ಒಂದು ರಾತ್ರಿ ನೀವೂ ಹತ್ತಿ ನೋಡಿ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಸಂಜೆಯ ಆಕಾಶದಲ್ಲಿ ಆರಿದ್ರಾ ಸಿಗುತ್ತದೆ. ಒಂದು ಪುಸ್ತಕ, ಒಂದು ಪೆನ್ಸಿಲ್, ಗಡಿಯಾರ. ತಾರೀಕು, ಹೊತ್ತು, ಅದರ ಮುಂದೆ ಒಂದು ಅಂಕಿ.